ವಿಂಡೋಸ್ ಬದಲಾಯಿಸುವುದು: ಬಟನ್ ಒತ್ತುವ ಮುಂಚಿನ ಅರ್ಧ ಗಂಟೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ನಮ್ಮ ಭಾವನ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಾಡಿಗೆ ಕರಾರು, ತಿಥಿ ಕಾರ್ಡು ಎಲ್ಲ ಅಲ್ಲೇ. ಮದುವೆ ಸೀಸನ್ನಿನ ಒಂದು ಬೆಳಿಗ್ಗೆ ಅವರ ಫೋನ್ ಬಂತು.

"ಲೋ, ಸ್ಕ್ರೀನ್ ತುಂಬಾ ಏನೋ ಬಂದಿದೆ. ವಿಂಡೋಸ್ ಹತ್ತು ಮುಗೀತಂತೆ, ಹನ್ನೊಂದಕ್ಕೆ ಹೋಗಿ ಅಂತಿದೆ. ಒತ್ತಿಬಿಡ್ಲಾ?"

"ಒತ್ತಬೇಡಿ ಭಾವ. ಸಂಜೆ ಬರ್ತೀನಿ."

"ಯಾಕೆ, ಕಷ್ಟದ ಕೆಲಸನಾ?"

ಕಷ್ಟ ಏನಿಲ್ಲ. ವಿಂಡೋಸ್ 95 ಬಂದ ಕಾಲದಲ್ಲಿ ಸಿ.ಡಿ. ಡ್ರೈವ್ ಇಲ್ಲದವರು 13 ಫ್ಲಾಪಿಗಳನ್ನು ಒಂದಾದ ಮೇಲೊಂದು ಹಾಕುತ್ತ ಕೂರಬೇಕಿತ್ತು. ಎಕ್ಸ್‌ಪಿ ಕಾಲದಲ್ಲಿ ಸಿ.ಡಿ. ಕವರಿನ ಮೇಲಿದ್ದ 25 ಅಕ್ಷರಗಳ ಕೀ ನೋಡಿಕೊಂಡು ಟೈಪ್ ಮಾಡಬೇಕಿತ್ತು. ಈಗ ಒಂದು ಬಟನ್ ಸಾಕು. ಆದರೆ ಆ ಬಟನ್ ಒತ್ತುವ ಮುಂಚೆ ಅರ್ಧ ಗಂಟೆಯ ಕೆಲಸ ಇದೆ. ಅದನ್ನು ಯಾವ ಕಂಪ್ಯೂಟರೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಭಾವನಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಛತ್ರದ ಮ್ಯಾನೇಜರ್

ಆಪರೇಟಿಂಗ್ ಸಿಸ್ಟಮ್ ಅಂದರೆ ಮದುವೆ ಛತ್ರದ ಮ್ಯಾನೇಜರ್ ಇದ್ದ ಹಾಗೆ. ಅಡುಗೆ ಭಟ್ಟರು, ಡೆಕೋರೇಷನ್‌ನವರು, ವಾಲಗದವರು, ಫೋಟೋದವರು ಎಲ್ಲ ಬರುತ್ತಾರೆ. ಒಬ್ಬರಿಗೆ ಸ್ಟೋರ್ ರೂಮಿನ ಕೀ ಬೇಕು, ಇನ್ನೊಬ್ಬರಿಗೆ ಪ್ಲಗ್ ಪಾಯಿಂಟ್ ಬೇಕು. ಎಲ್ಲರೂ ಕೇಳುವುದು ಮ್ಯಾನೇಜರನ್ನೇ. ಯಾವ ರೂಮು ಯಾರಿಗೆ, ಜನರೇಟರ್ ಯಾವಾಗ, ಗೇಟಿನೊಳಗೆ ಯಾರನ್ನು ಬಿಡಬೇಕು, ಎಲ್ಲ ಅವನ ಕೈಯಲ್ಲಿ.

ಕಂಪ್ಯೂಟರಿನಲ್ಲಿ ನೀವು ಬಳಸುವ ವರ್ಡ್, ಬ್ರೌಸರ್, ಟ್ಯಾಲಿ ಇವೆಲ್ಲ ಬಂದು ಕೆಲಸ ಮಾಡುವವರು. ಮೆಮೊರಿ, ಡಿಸ್ಕ್, ಪ್ರಿಂಟರ್, ಇಂಟರ್ನೆಟ್ ಇವು ಛತ್ರದ ರೂಮು, ಉಗ್ರಾಣ, ಗೇಟು. ನಡುವೆ ನಿಂತು ಹಂಚುವವನು ವಿಂಡೋಸ್. ಪ್ರಿಂಟ್ ಒತ್ತಿದಾಗ ವರ್ಡ್ ನೇರವಾಗಿ ಪ್ರಿಂಟರ್ ಜೊತೆ ಮಾತಾಡುವುದಿಲ್ಲ, ವಿಂಡೋಸ್‌ಗೆ ಹೇಳುತ್ತದೆ. ಆ ಪ್ರಿಂಟರಿನ ಭಾಷೆ ವಿಂಡೋಸ್‌ಗೆ ಅರ್ಥವಾಗಬೇಕಾದರೆ ಒಬ್ಬ ದುಭಾಷಿ ಬೇಕು. ಆ ದುಭಾಷಿಗೇ ಡ್ರೈವರ್ ಅನ್ನುತ್ತಾರೆ. ಈ ಪದ ಮುಂದೆ ಮತ್ತೆ ಬರುತ್ತದೆ. ತೊಂದರೆ ಜಾಸ್ತಿ ಬರುವುದೂ ಅಲ್ಲೇ.

ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ

ಮ್ಯಾನೇಜರ್ ಅವನೇ ಇದ್ದು, ಹಿಂದಿನ ಬಾಗಿಲ ಬೀಗ ಸಡಿಲವಾಗಿದೆ ಎಂದು ಹೊಸ ಬೀಗ ಹಾಕಿಸಿದರೆ ಅದು ಅಪ್‌ಡೇಟ್. ಮೈಕ್ರೋಸಾಫ್ಟ್ ಇದನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಕಳಿಸುತ್ತದೆ. ಮ್ಯಾನೇಜರನ್ನೇ ಬದಲಾಯಿಸಿದರೆ ಅಪ್‌ಗ್ರೇಡ್. ಛತ್ರ ಅದೇ, ಒಳಗಿನ ಸಾಮಾನು ಅದೇ, ಲೆಕ್ಕ ನೋಡುವವನು ಮಾತ್ರ ಹೊಸಬ.

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ, ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರಿನಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಭಾವನ ಸ್ಕ್ರೀನ್ ಮೇಲೆ ಬಂದಿದ್ದು ಅದೇ ಸುದ್ದಿ.

ಬೆಂಬಲ ನಿಂತರೆ ಕಂಪ್ಯೂಟರ್ ನಿಲ್ಲುತ್ತಾ?

ಇಲ್ಲ. ಮಾರನೇ ದಿನವೂ ಹಾಗೇ ಆನ್ ಆಗುತ್ತದೆ, ಕಾರ್ಡು ಪ್ರಿಂಟ್ ಆಗುತ್ತದೆ. ನಿಲ್ಲುವುದು ಬೀಗ ರಿಪೇರಿ ಮಾತ್ರ. ಅದಕ್ಕೇ ಜನ ತಲೆಕೆಡಿಸಿಕೊಳ್ಳುವುದಿಲ್ಲ. ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಕಾಣುವುದಿಲ್ಲವಲ್ಲ.

ಬೀಗ ರಿಪೇರಿ ಎಷ್ಟು ಮುಖ್ಯ ಅನ್ನುವುದಕ್ಕೆ 2017ರ ವಾನಾಕ್ರೈ ಎಂಬ ಕುತಂತ್ರಾಂಶದ ಹಾವಳಿ ನೋಡಿ. ವಿಂಡೋಸ್‌ನಲ್ಲಿ ಒಂದು ತೂತು ಇತ್ತು. ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಅದಕ್ಕೆ ತೇಪೆ ಕಳಿಸಿತು. ಹಾಕಿಕೊಳ್ಳದವರು ಬೇಕಾದಷ್ಟು ಜನ. ಮೇ 12ರಂದು ಆ ತೂತಿನಿಂದಲೇ ವಾನಾಕ್ರೈ ನುಗ್ಗಿ, ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಬೇಕಾದರೆ ದುಡ್ಡು ಕೊಡಿ ಎಂದು ಕೇಳಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಅದು ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುತ್ತಿತ್ತು. "ನಾನು ಹುಷಾರಾಗಿರ್ತೀನಿ, ಕಂಡಕಂಡದ್ದನ್ನ ಒತ್ತಲ್ಲ" ಅನ್ನುವ ಮಾತು ಇಂಥ ಕಡೆ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಯಂತ್ರಕ್ಕೆ ಹನ್ನೊಂದು ಹಿಡಿಸುತ್ತಾ?

ಹಳೆಯ ವಿಂಡೋಸ್‌ಗಳು ಕೇಳುತ್ತಿದ್ದುದು ಮುಖ್ಯವಾಗಿ ಎಷ್ಟು ಮೆಮೊರಿ, ಎಷ್ಟು ಡಿಸ್ಕ್ ಅಂತ. ಹನ್ನೊಂದೂ ಅದನ್ನು ಕೇಳುತ್ತದೆ. ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಇರಬೇಕು. 4 ಜಿಬಿಯಲ್ಲಿ ಓಡುತ್ತದೆ ಅನ್ನುವುದು ಹೆಸರಿಗೆ ಮಾತ್ರ. ನನ್ನ ಅನುಭವದಲ್ಲಿ 8 ಇಲ್ಲದಿದ್ದರೆ ಎತ್ತಿನಗಾಡಿಯೇ. ಆದರೆ ಹೆಚ್ಚಿನ ಯಂತ್ರಗಳು ಫೇಲಾಗುವುದು ಇಲ್ಲಲ್ಲ, ಇನ್ನೆರಡು ಕಡೆ.

ಒಂದು, ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ತಿಳಿಯುವುದು ಸುಲಭ. ಐ5-7200 ಎಂದಿದ್ದರೆ ಅಡ್ಡಗೆರೆಯ ನಂತರದ 7 ನೋಡಿ, ಅದು ಏಳನೇ ತಲೆಮಾರು, ಆಗುವುದಿಲ್ಲ. ಐ5-8250 ಆದರೆ ಎಂಟನೆಯದು, ಆಗುತ್ತದೆ. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದಿದ್ದು 2017ರಲ್ಲಿ. ಅಂದರೆ 2018ರ ನಂತರ ಹೊಸದಾಗಿ ಕೊಂಡ ಯಂತ್ರ ಸಾಮಾನ್ಯವಾಗಿ ಪಾಸು. ಸೆಕೆಂಡ್ ಹ್ಯಾಂಡ್ ಆದರೆ ಬಿಲ್ಲಿನ ತಾರೀಕು ನಂಬಬೇಡಿ, ನಂಬರ್ ನೋಡಿ.

ಎರಡು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಇದು ಛತ್ರದ ಗೋಡೆಯೊಳಗೆ ಕೂರಿಸಿದ ಕಬ್ಬಿಣದ ಲಾಕರ್. ಪಾಸ್‌ವರ್ಡಿಗೆ, ಡಿಸ್ಕಿನ ಬೀಗಕ್ಕೆ ಸಂಬಂಧಿಸಿದ ಗುಟ್ಟಿನ ಕೀಲಿಗಳನ್ನು ಅದರಲ್ಲಿಡುತ್ತಾರೆ. ಯಾರಾದರೂ ಡಿಸ್ಕನ್ನು ಕಿತ್ತುಕೊಂಡು ಹೋದರೂ ಲಾಕರ್ ಜೊತೆಯಲ್ಲಿ ಹೋಗುವುದಿಲ್ಲ. ಇಲ್ಲೊಂದು ತಮಾಷೆ ಇದೆ. ಸುಮಾರು ಯಂತ್ರಗಳಲ್ಲಿ ಟಿಪಿಎಂ ಇರುತ್ತದೆ, ಆದರೆ ಆಫ್ ಆಗಿರುತ್ತದೆ. "ನಿಮ್ಮ ಕಂಪ್ಯೂಟರಿಗೆ ಹನ್ನೊಂದು ಬರಲ್ಲ" ಎಂದು ತೋರಿಸಿದ ತಕ್ಷಣ ಹೊಸದು ಕೊಳ್ಳಲು ಓಡಬೇಡಿ. ಆನ್ ಮಾಡುವಾಗ ಬರುವ ಬಯೋಸ್ ಸೆಟ್ಟಿಂಗಿನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಅದು ಮಲಗಿರಬಹುದು. ಭಾವನ ಎರಡು ಕಂಪ್ಯೂಟರುಗಳಲ್ಲಿ ಹೊಸದರ ಕಥೆ ಇದೇ ಆಗಿತ್ತು. ಎಬ್ಬಿಸಿದ ಮೇಲೆ ಪಾಸಾಯಿತು.

ಇದನ್ನೆಲ್ಲ ಒಂದೊಂದಾಗಿ ಹುಡುಕಲು ಬೇಜಾರಾದರೆ ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅನ್ನುವ ಪುಟ್ಟ ಸಾಫ್ಟ್‌ವೇರ್ ಇದೆ. ಆಗುತ್ತೋ ಇಲ್ಲವೋ, ಯಾಕಿಲ್ಲ ಅನ್ನುವುದನ್ನು ಹೇಳುತ್ತದೆ. ದುಡ್ಡು ಕೊಡಬೇಕಿಲ್ಲ. ಅಸಲಿ ವಿಂಡೋಸ್ 10 ಇದ್ದವರಿಗೆ ಹನ್ನೊಂದು ಕೂಡ ಪುಕ್ಕಟೆ.

ಆ ಶೇಕಡಾ ಲೆಕ್ಕದ ಹಿಂದೆ

ಬಟನ್ ಒತ್ತಿದ ಮೇಲೆ ಮೊದಲ ಹಂತದಲ್ಲಿ ನೀವು ಕೆಲಸ ಮಾಡುತ್ತಲೇ ಇರಬಹುದು. ಹಿಂದೆ ಹಲವು ಜಿಬಿ ಡೌನ್‌ಲೋಡ್ ಆಗುತ್ತಿರುತ್ತದೆ. ಜಾಗ ಸಾಕಾ, ಯಾವ ಸಾಫ್ಟ್‌ವೇರ್ ಹೊಂದುವುದಿಲ್ಲ, ಇವನ್ನೂ ನೋಡಿಕೊಳ್ಳುತ್ತದೆ. ಸಿ ಡ್ರೈವಿನಲ್ಲಿ 30 ಜಿಬಿ ಖಾಲಿ ಇದ್ದರೆ ಒದ್ದಾಟ ಇಲ್ಲ.

ಆಮೇಲೆ ರೀಸ್ಟಾರ್ಟ್ ಆಗುತ್ತದೆ. ಯಾಕೆ ಆಗಬೇಕು? ಕುಳಿತ ಕುರ್ಚಿಯನ್ನು ಕುಳಿತವನೇ ಎತ್ತಿಡಲು ಆಗುವುದಿಲ್ಲ, ಅಲ್ವಾ? ಓಡುತ್ತಿರುವ ವಿಂಡೋಸ್ ತನ್ನನ್ನೇ ತೆಗೆದುಹಾಕಲಾರದು. ಹಾಗಾಗಿ ಒಬ್ಬ ಹಂಗಾಮಿ ಮ್ಯಾನೇಜರ್ ಬರುತ್ತಾನೆ. ಅದು ಮೆಮೊರಿಯಲ್ಲೇ ಓಡುವ ಪುಟ್ಟ ವಿಂಡೋಸ್. ಅವನು ಹಳೆಯ ವಿಂಡೋಸನ್ನು ಬಿಸಾಡುವುದಿಲ್ಲ. 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿಗೆ ಸರಿಸಿ, ಖಾಲಿಯಾದ ಜಾಗದಲ್ಲಿ ಹೊಸದನ್ನು ಕೂರಿಸುತ್ತಾನೆ. ಮುಂದಿನ ರೀಸ್ಟಾರ್ಟಿನಲ್ಲಿ ಹೊಸ ಮ್ಯಾನೇಜರ್ ಕಣ್ಣುಬಿಟ್ಟು, ಪ್ರಿಂಟರ್ ಎಲ್ಲಿ, ವೈಫೈ ಎಲ್ಲಿ ಎಂದು ಹುಡುಕಿ ಡ್ರೈವರುಗಳನ್ನು ಜೋಡಿಸಿಕೊಳ್ಳುತ್ತಾನೆ. ಅದರ ನಂತರ ನಿಮ್ಮ ಖಾತೆ, ಸೆಟ್ಟಿಂಗು, ಸಾಫ್ಟ್‌ವೇರುಗಳು ತಮ್ಮ ಜಾಗಕ್ಕೆ ಬರುತ್ತವೆ. ಮೂರ್ನಾಲ್ಕು ಸಲ ಆರಿ ಹತ್ತಿದರೆ ಕೆಟ್ಟುಹೋಯಿತು ಎಂದುಕೊಳ್ಳಬೇಡಿ. ಅದರ ದಾರಿಯೇ ಅದು.

ನಡುವೆ ಏನಾದರೂ ಎಡವಟ್ಟಾದರೆ ಹೆಚ್ಚಿನ ಸಲ ಹಳೆಯ ವಿಂಡೋಸನ್ನು ತಾನೇ ವಾಪಸ್ ತಂದು ಕೂರಿಸುತ್ತದೆ. ಎಲ್ಲ ಮುಗಿದ ಮೇಲೆ ನಿಮಗೇ ಹಿಡಿಸದಿದ್ದರೂ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಿಂದ ಹಿಂದಕ್ಕೆ ಹೋಗಬಹುದು. ಹತ್ತು ದಿನ ದಾಟಿದರೆ ಆ ಹಳೆಯ ಫೋಲ್ಡರನ್ನು ವಿಂಡೋಸ್ ಅಳಿಸಿಬಿಡುತ್ತದೆ. ಇಂದಿನ ಅಪ್‌ಗ್ರೇಡ್ ಸುಲಭ ಅನ್ನಿಸುವುದಕ್ಕೆ ದೊಡ್ಡ ಕಾರಣ, ನನ್ನ ಪ್ರಕಾರ, ಈ ವಾಪಸ್ ದಾರಿಯೇ.

ಭಾವನ ಯಂತ್ರ ಶೇಕಡಾ 64ಕ್ಕೆ ಬಂದು ನಿಂತಿತು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತೈದು ನಿಮಿಷ. ಭಾವ ಎದ್ದು ಬಂದು ಸ್ವಿಚ್ ಹತ್ತಿರ ಕೈ ತಂದರು. "ಹ್ಯಾಂಗ್ ಆಗಿದೆ ಕಣೋ, ಆಫ್ ಮಾಡಿ ಆನ್ ಮಾಡೋಣ." ಸಿಪಿಯು ಡಬ್ಬದ ಮೇಲಿನ ಕೆಂಪು ದೀಪ ತೋರಿಸಿದೆ. ಅದು ಪಟಪಟ ಮಿನುಗುತ್ತಿತ್ತು. ಅಂದರೆ ಡಿಸ್ಕ್ ದುಡಿಯುತ್ತಿದೆ. ಆ ಶೇಕಡಾ ಲೆಕ್ಕ ಸಮಯದ್ದಲ್ಲ, ಮುಗಿದ ಕೆಲಸದ್ದು. ಒಂದು ಕೆಲಸ ಒಂದು ನಿಮಿಷದ್ದಿರಬಹುದು, ಮುಂದಿನದು ಅರ್ಧ ಗಂಟೆಯದ್ದಿರಬಹುದು. ಇಬ್ಬರೂ ಹೋಗಿ ಕಾಫಿ ಕುಡಿದು ಬಂದೆವು. ಬರುವಷ್ಟರಲ್ಲಿ 81 ಆಗಿತ್ತು.

ಕರೆಂಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಗಾಳಿ ಮಳೆ ಬರುವ ಸಂಜೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಫೋನಿನಷ್ಟು ಸಲೀಸು ಯಾಕಲ್ಲ?

ಫೋನಿನಲ್ಲಿ ರಾತ್ರಿ ಚಾರ್ಜಿಗೆ ಇಟ್ಟರೆ ಬೆಳಿಗ್ಗೆ ಹೊಸ ಆಂಡ್ರಾಯ್ಡ್ ಬಂದಿರುತ್ತದೆ. ಅಲ್ಲಿ ಫೋನು ತಯಾರಿಸಿದ ಕಂಪನಿಗೆ ಒಳಗಿನ ಒಂದೊಂದು ಚಿಪ್ಪೂ ಗೊತ್ತು. ನಮ್ಮ ಅಂಗಡಿಗಳ ಕಂಪ್ಯೂಟರ್ ಹಾಗಲ್ಲ. ಮದರ್‌ಬೋರ್ಡ್ ಬೆಂಗಳೂರಿನ ಎಸ್.ಪಿ. ರಸ್ತೆಯದು, ಮಾನಿಟರ್ ಇನ್ನೊಂದು ಕಡೆಯದು, ಪ್ರಿಂಟರ್ ಯಾರೋ ಕೊಟ್ಟ ಸೆಕೆಂಡ್ ಹ್ಯಾಂಡ್. ಈ ಚೌಚೌ ಭಾತನ್ನು ವಿಂಡೋಸ್ ಮೊದಲ ಸಲ ನೋಡಿಯೇ ಹೊಂದಿಸಿಕೊಳ್ಳಬೇಕು. ಅದು ಇಷ್ಟರ ಮಟ್ಟಿಗೆ ಹೊಂದಿಸಿಕೊಳ್ಳುವುದೇ ಆಶ್ಚರ್ಯ.

ಅಳಿಸಿ ಹಾಕುವುದು, ಮತ್ತು ನಾನು ಕಳೆದುಕೊಂಡದ್ದು

ಇನ್ನೊಂದು ದಾರಿ ಇದೆ. ಇದ್ದ ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವುದು. ಜನ 'ಫಾರ್ಮ್ಯಾಟ್ ಹೊಡೆಯೋದು' ಅನ್ನುತ್ತಾರೆ. ವಿಂಡೋಸ್ 7ರಿಂದ ಹನ್ನೊಂದಕ್ಕೆ ಹೋಗುವವರಿಗೆ, 32 ಬಿಟ್ ಎಂಬ ಹಳೆಯ ಬಗೆಯ ವಿಂಡೋಸ್ ಇರುವವರಿಗೆ ಇದೇ ದಾರಿ. ಹನ್ನೊಂದರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. 8 ಜಿಬಿ ಪೆನ್‌ಡ್ರೈವ್ ಒಂದಿದ್ದರೆ ಮನೆಯಲ್ಲೇ ಮಾಡಬಹುದು. ಯಂತ್ರ ಚುರುಕಾಗುತ್ತದೆ, ಹಳೆಯ ಕಸ ಹೋಗುತ್ತದೆ. ಆದರೆ ಇಲ್ಲಿ ಹತ್ತು ದಿನದ ವಾಪಸ್ ದಾರಿ ಇಲ್ಲ.

ಕೆಲವು ವರ್ಷದ ಹಿಂದೆ ನನ್ನದೇ ಕಂಪ್ಯೂಟರಿಗೆ ಹೀಗೆ ಮಾಡಲು ಕೂತೆ. ಸಿ ಡ್ರೈವ್ ಅಳಿಸುತ್ತೇನೆ, ಫೋಟೋ ಎಲ್ಲ ಡಿಯಲ್ಲಿದೆ, ಅದಕ್ಕೆ ಏನೂ ಆಗಲ್ಲ ಅನ್ನುವ ಧೈರ್ಯ. ಪೆನ್‌ಡ್ರೈವಿನಿಂದ ಶುರುವಾದ ಮೇಲೆ ಡಿಸ್ಕುಗಳ ಪಟ್ಟಿ ಬಂತು. ಅಲ್ಲಿ ಸಿ ಇಲ್ಲ, ಡಿ ಇಲ್ಲ! ಪಾರ್ಟಿಷನ್ (ಅಂದರೆ ಡಿಸ್ಕಿನ ಭಾಗ) 1, 2, 3, 4 ಎಂದಷ್ಟೇ ಇತ್ತು. ಎರಡು ಪಾರ್ಟಿಷನ್‌ಗಳ ಅಳತೆ ಹೆಚ್ಚುಕಮ್ಮಿ ಒಂದೇ. ಮೊದಲಿನದೇ ಸಿ ಇರಬೇಕು ಎಂದು ಅಂದಾಜಿನ ಮೇಲೆ ಡಿಲೀಟ್ ಒತ್ತಿ, ಅಲ್ಲೇ ವಿಂಡೋಸ್ ಹಾಕಿಬಿಟ್ಟೆ. ಮಗಳ ನಾಮಕರಣದ ಫೋಟೋಗಳು ಇದ್ದದ್ದು ಅದರಲ್ಲೇ. ನೆಂಟರ ಫೋನುಗಳಿಂದ ಹದಿನಾಲ್ಕು ಫೋಟೋ ವಾಪಸ್ ಸಿಕ್ಕವು. ಹದಿನಾಲ್ಕರಲ್ಲಿ ಆರು ಊಟದ ಪಂಕ್ತಿಯವು.

ಅಂದಿನಿಂದ ನನ್ನದು ಒಂದೇ ನಿಯಮ. ಬೇಕಾದ ಫೈಲು ಆ ಕಂಪ್ಯೂಟರಿನ ಹೊರಗೆ ಇನ್ನೊಂದು ಕಡೆ ಇರಬೇಕು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಆಗಲಿ, ಪೆನ್‌ಡ್ರೈವ್ ಆಗಲಿ. ಅದೇ ಡಿಸ್ಕಿನ ಡಿ ಡ್ರೈವಿಗೆ ಹಾಕಿದ್ದನ್ನು ಬ್ಯಾಕಪ್ ಅನ್ನಲಾಗದು. ಕಾಪಿ ಆದ ಮೇಲೆ ಕೇಬಲ್ ಕಿತ್ತು ಪಕ್ಕಕ್ಕಿಡಿ.

ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು. ಈಚಿನ ಸುಮಾರು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿ ಬಿದ್ದಿರುತ್ತದೆ. ಬಯೋಸ್ ಸೆಟ್ಟಿಂಗ್ ಮುಟ್ಟಿದರೆ ಕೆಲವೊಮ್ಮೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕೈ ಹಾಕುವ ಮುಂಚೆ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ನುಡಿ, ಪೇಜ್‌ಮೇಕರ್, ಪ್ರಿಂಟರ್

ಕನ್ನಡದಲ್ಲಿ ಕೆಲಸ ಮಾಡುವ ಅಂಗಡಿಗಳಿಗೆ ಮುಖ್ಯವಾದದ್ದು ಇದು.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಒಂದು ಜಾಣತನ ಮಾಡುತ್ತಿದ್ದವು. ಫೈಲಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆ. ಫಾಂಟು ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ಫಾಂಟು ಇದ್ದರೆ 'ಚಿ|| ಸೌ||' ಎಂದು ಚೆನ್ನಾಗಿ ಕಾಣುತ್ತದೆ. ಫಾಂಟು ಇಲ್ಲದಿದ್ದರೆ ಇಡೀ ಮದುವೆ ಪತ್ರಿಕೆ ಇಂಗ್ಲಿಷ್ ಚಿಹ್ನೆಗಳ ಚಿತ್ರಾನ್ನ. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತು. 'ಕ' 3221, 'ಖ' 3222. ಯೂನಿಕೋಡಿನಲ್ಲಿ ಬರೆದದ್ದು ಯೂನಿಕೋಡ್ ಕನ್ನಡ ಫಾಂಟು ಇರುವ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ವಿಂಡೋಸ್ ಜೊತೆಗೇ ಕನ್ನಡ ಫಾಂಟು ಬರುತ್ತದೆ. ಎಕ್ಸ್‌ಪಿಯಲ್ಲಿ ತುಂಗಾ ಇತ್ತು, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಇದೆ.

ಬಟನ್ ಒತ್ತಿ ಮಾಡುವ ಅಪ್‌ಗ್ರೇಡಿನಲ್ಲಿ ನೀವು ಹಾಕಿಕೊಂಡ ಫಾಂಟುಗಳು ಉಳಿಯುತ್ತವೆ. ಫಾರ್ಮ್ಯಾಟ್ ಹೊಡೆದರೆ ಎಲ್ಲ ಹೋಗುತ್ತವೆ. ಹತ್ತು ವರ್ಷದ ಹಿಂದೆ ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿದ ಫಾಂಟು ಮತ್ತೆ ಎಲ್ಲಿ ಹುಡುಕುತ್ತೀರಿ? ಹಾಗಾಗಿ ಫಾಂಟ್ಸ್ ಫೋಲ್ಡರನ್ನೂ ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಭಾವನ ಅಂಗಡಿಯಲ್ಲಿ ನಾವು ಮಾಡಿದ ಮೊದಲ ಕೆಲಸ ಅದೇ.

ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಮುಂದೆ ಹೊಸ ಆವೃತ್ತಿ ಬರಲೇ ಇಲ್ಲ. ಆದರೂ ನಮ್ಮ ಕಡೆ ಕಾರ್ಡು ಅಂಗಡಿಗಳಲ್ಲಿ ಅದು ಇನ್ನೂ ಓಡುತ್ತಿದೆ. ಇಷ್ಟು ಹಳೆಯ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ಹಠ ಹಿಡಿಯುತ್ತದೆ. ಡಾಂಗಲ್ (ಕೀಲಿಯಂತೆ ಕೆಲಸ ಮಾಡುವ ಪುಟ್ಟ ಸಾಧನ) ಚುಚ್ಚಿ ಬಳಸುವ ಸಾಫ್ಟ್‌ವೇರ್ ಇದ್ದರೆ ಅದರ ಡ್ರೈವರ್ ಹನ್ನೊಂದಕ್ಕೆ ಇದೆಯಾ ಎಂದು ಮೊದಲೇ ವಿಚಾರಿಸಿ. ಹಳೆಯ ಲೇಸರ್ ಪ್ರಿಂಟರಿಗೂ ಇದೇ ಮಾತು. ಪ್ರಿಂಟರ್ ಗಟ್ಟಿಮುಟ್ಟಾಗಿರುತ್ತದೆ, ಅದರ ದುಭಾಷಿ ಮಾತ್ರ ರಿಟೈರ್ ಆಗಿರುತ್ತಾನೆ.

ಯಂತ್ರ ಪಾಸಾಗದಿದ್ದರೆ

ಮೂರು ದಾರಿ ಇವೆ. ಹೊಸದು ಕೊಳ್ಳುವುದನ್ನು ಬಿಟ್ಟುಬಿಡೋಣ, ಅದು ಎಲ್ಲರಿಗೂ ಗೊತ್ತು.

ವಿಂಡೋಸ್ 10ರಲ್ಲೇ ಉಳಿಯುವವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಘೋಷಿಸಿತು, 2026ರ ಅಕ್ಟೋಬರ್ 13ರವರೆಗೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗುಗಳನ್ನು ಆ ಖಾತೆಗೆ ಸಿಂಕ್ ಮಾಡಲು ಒಪ್ಪಿದರೆ ಪುಕ್ಕಟೆ, ಇಲ್ಲದಿದ್ದರೆ 30 ಡಾಲರ್. ಇದರಲ್ಲಿ ಬರುವುದು ಬೀಗ ರಿಪೇರಿ ಮಾತ್ರ, ಹೊಸ ಸೌಲಭ್ಯ ಯಾವುದೂ ಇಲ್ಲ.

ಇನ್ನೊಂದು ದಾರಿ ಲಿನಕ್ಸ್, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಬೇರೆ ಆಪರೇಟಿಂಗ್ ಸಿಸ್ಟಮ್. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು, ಈಗ ಉಬುಂಟು, ಮಿಂಟ್ ಎಂದು ಹಲವು ರೂಪಗಳಲ್ಲಿ ಪುಕ್ಕಟೆ ಸಿಗುತ್ತದೆ. ಟಿಪಿಎಂ ಇರಲೇಬೇಕು ಎಂದು ಕೇಳುವುದಿಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಿಲ್ಲ. ವೈಫೈ, ಪ್ರಿಂಟರ್ ಕೆಲಸ ಮಾಡುತ್ತವಾ ಎಂದು ನೋಡಿ ಹಿಡಿಸಿದರೆ ಹಾಕಿಕೊಳ್ಳಿ. ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ದೀರ್ಘಾವಧಿ ಆವೃತ್ತಿ ಬಿಡುತ್ತದೆ, ಒಂದೊಂದಕ್ಕೂ ಐದು ವರ್ಷ ಬೆಂಬಲ. ಬ್ಯಾಂಕಿನ ಕೆಲಸ, ಆನ್‌ಲೈನ್ ಅರ್ಜಿ, ಮಕ್ಕಳ ಓದು ಇಷ್ಟಕ್ಕೇ ಆದರೆ ಧಾರಾಳವಾಗಿ ಸಾಕು. ಪೇಜ್‌ಮೇಕರ್ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಅಂದಹಾಗೆ, ಲಿನಕ್ಸ್‌ನಲ್ಲಿ ಸಿಗುವ ಕನ್ನಡ ಫಾಂಟುಗಳಲ್ಲಿ ಒಂದರ ಹೆಸರು ನವಿಲು, ಇನ್ನೊಂದರದು ಗುಬ್ಬಿ. ಪಕ್ಷಿಯ ಹೆಸರೇ ಇರಬೇಕು. ಆದರೆ ಗುಬ್ಬಿ ಅಂದ ತಕ್ಷಣ ತುಮಕೂರಿನವರಿಗೆ ಬಸ್ಸಿನ ಬೋರ್ಡೇ ಕಣ್ಣಮುಂದೆ ಬರುತ್ತದೆ.

ಮೂರನೆಯದು ಭಾವ ಆರಿಸಿಕೊಂಡದ್ದು. ಅವರ ಹಳೆಯ ಕಂಪ್ಯೂಟರ್ ನಾಲ್ಕನೇ ತಲೆಮಾರಿನದು, ಹನ್ನೊಂದರ ಮಾತೇ ಇಲ್ಲ. ಅದರಲ್ಲಿ ವಿಂಡೋಸ್ 10, ಪೇಜ್‌ಮೇಕರ್, ಹಳೆಯ ನುಡಿ, ಹದಿನೈದು ವರ್ಷದ ಕಾರ್ಡುಗಳು ಎಲ್ಲ ಹಾಗೇ ಇವೆ. ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತಿದ್ದೇವೆ. ಕಾರ್ಡು ಅಲ್ಲಿ ತಯಾರಾಗುತ್ತದೆ, ಪಿಡಿಎಫ್ ಆಗಿ ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ ಬರುತ್ತದೆ, ಅಲ್ಲಿಂದ ಗಿರಾಕಿಯ ವಾಟ್ಸಾಪಿಗೆ ಹೋಗುತ್ತದೆ. ಗಿರಾಕಿಗಳ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚುವ ಹಾಗಿಲ್ಲ, ಅಂಗಡಿಯದೇ ಒಂದು ಬೇರೆ ಇದೆ. ಮಾನಿಟರಿನ ಅಂಚಿಗೆ ಭಾವ ಕೆಂಪು ಇಂಕಿನಲ್ಲಿ ಬರೆದು ಅಂಟಿಸಿದ್ದಾರೆ: "ಇದಕ್ಕೆ ನೆಟ್ ಹಾಕಬೇಡಿ. ಕೇಳದೆ ಏನನ್ನೂ ಒತ್ತಬೇಡಿ."